ಹೋಟೆಲಿನ ಪರಿಚಾರಿಕೆಯರ ರಕ್ಷಣೆ: ಒಂದು ಚಾರಿತ್ರಿಕ ವಿವೇಚನೆ

ಪ್ರವಾಸೋದ್ಯಮದ ಚರಿತ್ರೆಯು ಬಹುಮಟ್ಟಿಗೆ ಪ್ರವಾಸಿಯ ದೃಷ್ಟಿಯಿಂದಲೇ ರಚಿತವಾಗಿದೆ. ಅವನ ಹಾಸಿಗೆಯನ್ನು ಹಾಸುವ ಪರಿಚಾರಿಕೆಗೆ ಅದರಲ್ಲಿ ಸ್ಥಾನ ದೊರೆತಿರುವುದು ವಿರಳ. ಹೋಟೆಲಿನ ಕೊಠಡಿಯು ಬಾಡಿಗೆ ತೆತ್ತವನಿಗೆ ತಾತ್ಕಾಲಿಕವಾದ ಮನೆ; ಅಲ್ಲಿ ಒಂಟಿಯಾಗಿ ದುಡಿಯುವ ಹೆಂಗಸಿಗೆ ಅದೇ ಕಾರ್ಯಸ್ಥಾನ. ಆಕೆಯನ್ನು ಲೈಂಗಿಕ ಕಿರುಕುಳದಿಂದ ರಕ್ಷಿಸುವ ಯತ್ನಗಳ ಚರಿತ್ರೆಯೆಂದರೆ ಈ ಎರಡನೆಯ ಸ್ವರೂಪವು ಮನ್ನಣೆ ಪಡೆದ ಚರಿತ್ರೆಯೇ ಆಗಿದೆ.

ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗವು 1980ರಲ್ಲಿಯೇ, ಹೊರಗಿನವರು ಎಸಗುವ ಕಿರುಕುಳವನ್ನು ತಿಳಿದೂ ಸುಮ್ಮನಿರುವ ಮಾಲೀಕನು ಹೊಣೆಗಾರನಾಗಬಹುದೆಂದು ವಿಧಿಸಿತು. ಆದರೆ ತತ್ತ್ವವು ಘೋಷಿತವಾದ ಮಾತ್ರಕ್ಕೆ ಮುಚ್ಚಿದ ಬಾಗಿಲಿನ ಹಿಂದಣ ಸ್ಥಿತಿ ಬದಲಾಗಲಿಲ್ಲ.

2011ರ ಮೇ ತಿಂಗಳಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರ ಪರಿಚಾರಿಕೆಯು ನೀಡಿದ ದೂರಿನ ಮೇಲೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಿನ ಮುಖ್ಯಸ್ಥರು ಬಂಧಿತರಾದರು. ಅಭಿಯೋಜಕರ ಕೋರಿಕೆಯಂತೆಯೇ ಆಗಸ್ಟಿನಲ್ಲಿ ಮೊಕದ್ದಮೆಯು ರದ್ದಾದುದರಿಂದ ಆರೋಪದ ಸತ್ಯಾಸತ್ಯತೆ ವಿಚಾರಣೆಯಲ್ಲಿ ನಿರ್ಣಯವಾಗಲಿಲ್ಲ. ಆದಾಗ್ಯೂ 2012ರಲ್ಲಿ ಆ ನಗರದ ಹೋಟೆಲು ಕಾರ್ಮಿಕರ ಸಂಘವು ತನ್ನ ಒಪ್ಪಂದದಲ್ಲಿ, ಅಪಾಯದಲ್ಲಿ ಸಹಾಯವನ್ನು ಕರೆಯುವ 'ಪ್ಯಾನಿಕ್ ಬಟನ್' ಸೌಕರ್ಯವನ್ನು ಪಡೆದುಕೊಂಡಿತು.

2016ರಲ್ಲಿ ಶಿಕಾಗೋದ ಕಾರ್ಮಿಕ ಸಂಘವೊಂದು ಸುಮಾರು 500 ಮಂದಿ ಸ್ತ್ರೀಯರನ್ನು ಪ್ರಶ್ನಿಸಿತು. ಹೋಟೆಲು ಕೆಲಸಗಾರರಲ್ಲಿ ಶೇಕಡಾ 58 ಮಂದಿ ಅತಿಥಿಗಳಿಂದ ಕಿರುಕುಳವನ್ನು ಅನುಭವಿಸಿದುದಾಗಿ ಹೇಳಿದರು. ಈ ಅಂಕಿಗಳನ್ನು ಸಂಗ್ರಹಿಸಿದ ಸಂಘವು ಶಾಸನಕ್ಕಾಗಿ ಹೋರಾಡುತ್ತಿದ್ದ ಪಕ್ಷವೆಂಬುದನ್ನು ಚರಿತ್ರಕಾರನು ಮರೆಯಲಾಗದು. ಆದರೂ ನೌಕರಿ ಹೋದೀತೆಂಬ ಭಯದಿಂದ ಆಡದೆ ಉಳಿದ ಮಾತು ಇಲ್ಲಿ ಲಿಖಿತ ದಾಖಲೆಯಾಯಿತೆಂಬುದು ಗಮನಾರ್ಹ. 2017ರ ಅಕ್ಟೋಬರಿನಲ್ಲಿ ನಗರಸಭೆಯು ಶಾಸನವನ್ನು ಅಂಗೀಕರಿಸಿತು. 2018ರ ಜುಲೈ 1ರಿಂದ ಒಂಟಿಯಾಗಿ ಕೊಠಡಿಗಳಲ್ಲಿ ದುಡಿಯುವವರಿಗೆ ಗುಂಡಿಯನ್ನು ಒದಗಿಸುವುದು ಕಡ್ಡಾಯವಾಯಿತು. ಅಪಾಯವನ್ನು ಕಂಡೊಡನೆ ಕೆಲಸವನ್ನು ನಿಲ್ಲಿಸಿ ಹೊರಬರುವ ಹಕ್ಕೂ ಆಕೆಗೆ ದೊರೆಯಿತು.

ನಮ್ಮ ದೇಶದಲ್ಲಿ 1997ರ ವಿಶಾಖಾ ತೀರ್ಪು ಹೊರಗಿನವರ ಕಿರುಕುಳದ ಸಂದರ್ಭದಲ್ಲಿಯೂ ಮಾಲೀಕನು ನೆರವಾಗಬೇಕೆಂದು ವಿಧಿಸಿತು. ಕಾರ್ಯಸ್ಥಾನದಲ್ಲಿ ಸಂಪರ್ಕಕ್ಕೆ ಬರುವ ವ್ಯಕ್ತಿಗಳಿಂದಲೂ ರಕ್ಷಣೆ ನೀಡುವುದು ಅವನ ಕರ್ತವ್ಯವೆಂದು 2013ರ ಅಧಿನಿಯಮದ 19ನೆಯ ಪ್ರಕರಣವು ಹೇಳುತ್ತದೆ. ಆದರೆ ಕೊಠಡಿಯೊಳಗೆ ಒಬ್ಬಳೇ ಇರುವಾಕೆ ಆ ಕ್ಷಣದಲ್ಲಿ ನೆರವನ್ನು ಕರೆಯುವ ಬಗೆಯನ್ನು ಅದು ನಿರ್ದಿಷ್ಟವಾಗಿ ಸೂಚಿಸಿಲ್ಲ.

ಗುಂಡಿಯು ಕೇವಲ ಒಂದು ಸಾಧನ. ಹೊರನಡೆಯುವ ಹಕ್ಕೇ ಮುಖ್ಯವಾದುದು. ಏಕೆಂದರೆ ಅತಿಥಿಯ ಏಕಾಂತಕ್ಕಿಂತ ಪರಿಚಾರಿಕೆಯ ವಿವೇಚನೆಯು ಅಲ್ಲಿ ಮೇಲೆಂದು ಪರಿಗಣಿತವಾಗುತ್ತದೆ. ಈ ಹಕ್ಕು ಸ್ಪಷ್ಟವಾದಲ್ಲದೆ ಕೊಠಡಿಯು ಪೂರ್ಣಾರ್ಥದಲ್ಲಿ ಕಾರ್ಯಸ್ಥಾನವೆನಿಸಲಾರದು.