ಮಾಳಿಗೆ ಮನೆ: ಬಯಲುಸೀಮೆಯ ಗೃಹನಿರ್ಮಾಣ ಪರಂಪರೆ ಮತ್ತು ಇಂಧನ ವಿವೇಕ

ಕರ್ನಾಟಕದ ವಾಸ್ತುಚರಿತ್ರೆಯೆಂದರೆ ಬಹುಮಟ್ಟಿಗೆ ದೇವಾಲಯ, ಕೋಟೆ ಮತ್ತು ಅರಮನೆಗಳ ಚರಿತ್ರೆಯೇ ಆಗಿದೆ. ಶಿಲೆಯಲ್ಲಿ ನಿಂತದ್ದು ಅಧ್ಯಯನದ ವಸ್ತುವಾಯಿತು. ಮಣ್ಣಿನಲ್ಲಿ ನಿಂತದ್ದು ಮಣ್ಣಿನೊಂದಿಗೇ ಬೆರೆತುಹೋಯಿತು. ಆದರೆ ಜನಸಾಮಾನ್ಯರು ತಲೆಮಾರುಗಳಿಂದ ಬದುಕಿದ್ದು ಮಣ್ಣು, ಕಲ್ಲು ಮತ್ತು ಮರಗಳಿಂದ ತಾವೇ ಕಟ್ಟಿಕೊಂಡ ಮನೆಗಳಲ್ಲಿ. ಮಲೆನಾಡಿನ ತೊಟ್ಟಿ ಮನೆ, ತುಳುನಾಡಿನ ಗುತ್ತಿನ ಮನೆ, ಕೊಡಗಿನ ಐನ್‌ಮನೆಗಳು ತಮ್ಮ ಗಾತ್ರ ಮತ್ತು ಕೆತ್ತನೆಗಳಿಂದಾಗಿ ವಿದ್ವಾಂಸರ ಗಮನ ಸೆಳೆದಿವೆ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮೇಲ್ಮುದ್ದೆ ಮನೆ ಎಂದೂ ಕರೆಯಲಾಗುವ ಸಾಧಾರಣ ಮಾಳಿಗೆ ಮನೆಗೆ ಅಂತಹ ಗಮನ ದೊರೆತಿಲ್ಲ. ಕಡಿಮೆ ಇಂಧನದಲ್ಲಿ ಮನೆ ಕಟ್ಟುವ ಮತ್ತು ಕಟ್ಟಿದ ಮನೆಯನ್ನು ತಂಪಾಗಿಡುವ ಪ್ರಶ್ನೆ ಇಂದು ಮುಂಚೂಣಿಗೆ ಬಂದಿರುವುದರಿಂದ ಈ ಪರಂಪರೆಯ ಪುನರಾವಲೋಕನ ಅಗತ್ಯವಾಗಿದೆ.

1. ಪ್ರಾಚೀನತೆ

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಅವರು 1963-64ರಲ್ಲಿ ನಡೆಸಿದ ಉತ್ಖನನವು ನವಶಿಲಾಯುಗದ ಜನರ ವೃತ್ತಾಕಾರದ ಗುಡಿಸಲುಗಳ ನೆಲೆಗಳನ್ನು ಬೆಳಕಿಗೆ ತಂದಿತು. ಗೂಟಗಳ ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತುವ ಕ್ರಮ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ. ಮಧ್ಯಕಾಲೀನ ಶಾಸನಗಳಲ್ಲಿ ಬರುವ ಮನೆಯ ನಿವೇಶನ, ಮನೆದೆರೆ ಮುಂತಾದ ಪದಗಳು ಮನೆಯು ದಾನದ ವಸ್ತುವೂ ತೆರಿಗೆಯ ಘಟಕವೂ ಆಗಿತ್ತೆಂಬುದನ್ನು ತಿಳಿಸುತ್ತವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು ರಾಜನ ಉಪಭೋಗಗಳಲ್ಲಿ ಗೃಹವನ್ನೂ ಸೇರಿಸುತ್ತದೆ. ಆದರೆ ಅದು ಅರಮನೆಯ ದೃಷ್ಟಿ. ಒಕ್ಕಲಿಗನ ಮನೆಯ ಶಾಸ್ತ್ರ ಗ್ರಂಥದಲ್ಲಿಲ್ಲ. ಅದು ಬಡಿಗರ, ಒಡ್ಡರ ಮತ್ತು ಮನೆಯ ಹೆಂಗಸರ ಕೈಗಳಲ್ಲಿತ್ತು.

2. ರಚನೆ ಮತ್ತು ಪರಿಭಾಷೆ

ಮಾಳಿಗೆ ಮನೆಯ ಮೂಲಮಾನ ಅಂಕಣ. ನಾಲ್ಕು ಕಂಬಗಳ ನಡುವಿನ ಅವಕಾಶವೇ ಒಂದು ಅಂಕಣ. ಕುಟುಂಬದ ಸ್ಥಿತಿಗತಿಯನ್ನು ಅಂಕಣಗಳ ಲೆಕ್ಕದಲ್ಲೇ ಹೇಳುವ ರೂಢಿಯಿತ್ತು. ಕುಟುಂಬ ಬೆಳೆದಂತೆ ಅಂಕಣ ಸೇರಿಸಬಹುದು, ಪಾಲಾದಾಗ ಅಂಕಣಗಳ ಮೇಲೆಯೇ ಹಂಚಿಕೊಳ್ಳಬಹುದು. ಹೀಗಾಗಿ ಅಂಕಣವು ಅಳತೆ ಮಾತ್ರವಲ್ಲ, ಕೌಟುಂಬಿಕ ವ್ಯವಸ್ಥೆಯೂ ಹೌದು. ಮನೆಯ ಉದ್ದ-ಅಗಲಗಳನ್ನು ಗುಣಿಸಿ ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಧ್ವಜಾಯ, ಸಿಂಹಾಯ, ವೃಷಭಾಯ, ಗಜಾಯ ಮುಂತಾದ ಆಯವನ್ನು ಕಂಡುಕೊಳ್ಳುವ ಕ್ರಮವೂ ಪ್ರಚಲಿತವಾಗಿತ್ತು.

ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಸ್ಥಳ ಮತ್ತು ಗೋದಲಿ. ಅಲ್ಲಿಂದ ಎತ್ತರದಲ್ಲಿ ಪಡಸಾಲೆ. ಒಳಗೆ ಅಡುಗೆಮನೆ ಮತ್ತು ದೇವರ ಜಗುಲಿ. ದನ ಮತ್ತು ಜನ ಒಂದೇ ಮಾಳಿಗೆಯಡಿ ಬದುಕುವ ಈ ವಿನ್ಯಾಸ ಒಕ್ಕಲುತನದ ಬದುಕಿನ ನೇರ ಪ್ರತಿಬಿಂಬ.

ಗೋಡೆಗಳು ಒಂದೂವರೆ ಅಡಿಯಿಂದ ಎರಡು-ಮೂರು ಅಡಿಯವರೆಗೆ ದಪ್ಪವಾಗಿರುತ್ತವೆ. ಸುತ್ತಲಿನ ನೆಲ ಕೊಟ್ಟದ್ದೇ ಸಾಮಗ್ರಿ. ಬಾದಾಮಿ, ಗುಳೇದಗುಡ್ಡದ ಸುತ್ತ ಮರಳುಗಲ್ಲು, ಕಲಬುರಗಿಯ ಕಡೆ ಶಹಾಬಾದಿನ ಪರಶಿ, ಕಲ್ಲು ವಿರಳವಾದಲ್ಲಿ ಹುಲ್ಲು ಬೆರೆಸಿ ಕೊಳೆಹಾಕಿ ತುಳಿದ ಮಣ್ಣು. ಮಾಳಿಗೆಯ ಭಾರವನ್ನು ಕಂಬ ಮತ್ತು ತೊಲೆಗಳು ಹೊರುತ್ತವೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಅದರ ಮೇಲೆ ಬೇವು ಮೊದಲಾದ ಸೊಪ್ಪಿನ ಹಾಸು, ಅನಂತರ ಮಣ್ಣಿನ ದಪ್ಪ ಪದರ, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಬೇಸಾಯಕ್ಕೆ ಒದಗದ ಈ ಕ್ಷಾರಮಣ್ಣು ಮಾಳಿಗೆಗೆ ಮಾತ್ರ ಶ್ರೇಷ್ಠ. ನೀರು ತಗಲಿದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದೆ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಹೊಲಕ್ಕೆ ಶಾಪವಾದುದನ್ನು ಮನೆಗೆ ವರವಾಗಿಸಿಕೊಂಡ ಈ ಜಾಣ್ಮೆ ಗಮನಾರ್ಹ. ಮುಂಗಾರಿಗೆ ಮೊದಲು ಮಾಳಿಗೆಯ ಕಳೆ ಕಿತ್ತು ಹೊಸ ಸವಳು ಹಾಕುವುದು, ಹಬ್ಬಕ್ಕೆ ಗೋಡೆ ಸಾರಿಸಿ ಸುಣ್ಣ-ಕೆಮ್ಮಣ್ಣು ಬಳಿಯುವುದು ವಾರ್ಷಿಕ ಕರ್ತವ್ಯಗಳಾಗಿದ್ದವು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಸಾಮಾನ್ಯವಾಗಿ ಖರ್ಚಿನ ಮಾತಾಗಿ ಬಳಕೆಯಲ್ಲಿದೆ. ಆದರೆ ಮನೆ ಮತ್ತು ಮದುವೆಗಳೆರಡೂ ಊರಿನ ನೆರವಿಲ್ಲದೆ ನಡೆಯದ ಕಾರ್ಯಗಳು ಎಂಬ ಅರ್ಥವೂ ಅದರಲ್ಲಿದೆ. ಮಣ್ಣು ತುಳಿಯಲು, ತೊಲೆ ಏರಿಸಲು ಮುಯ್ಯಾಳುಗಳು ಬರುತ್ತಿದ್ದರು. ಕೂಲಿಗೆ ಬದಲಾಗಿ ಋಣವಿತ್ತು.

3. ಶಾಖ ಮತ್ತು ಮಣ್ಣು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ರಾತ್ರಿ ಇಳಿಯುವ ತಂಪು, ಮಿತವಾದ ಮಳೆ ಈ ಪ್ರದೇಶದ ಹವಾಗುಣದ ಲಕ್ಷಣಗಳು. ಇಂತಹ ಹವೆಗೆ ದಪ್ಪ ಮಣ್ಣು ತಕ್ಕ ಉತ್ತರ. ಸುಮಾರು ಒಂದಡಿ ದಪ್ಪದ ಮಣ್ಣಿನ ಗೋಡೆಯನ್ನು ದಾಟಲು ಶಾಖಕ್ಕೆ ಎಂಟು-ಹತ್ತು ಗಂಟೆಗಳು ಬೇಕು. ಮಧ್ಯಾಹ್ನದ ಕಾವು ಒಳಮುಖಕ್ಕೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತದೆ, ಜನರು ಮಾಳಿಗೆಯ ಮೇಲೆ ಮಲಗಿರುತ್ತಾರೆ. ತೆಳುವಾದ ಕಾಂಕ್ರೀಟ್ ತಾರಸಿ ಕೆಲವೇ ಗಂಟೆಗಳಲ್ಲಿ ಕಾದು, ಸಂಜೆಯ ವೇಳೆಗೆ ಒಳಗಿನವರ ಮೇಲೆ ಕಾವು ಸುರಿಯುತ್ತದೆ. ಮಾಳಿಗೆಯ ಬೆಳಕಿಂಡಿಯು ಬೆಳಕನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಕಳುಹಿಸುತ್ತದೆ. ಒಲೆಯ ಹೊಗೆ ತೊಲೆ-ಜಂತಿಗಳನ್ನು ಹುಳುಗಳಿಂದ ಕಾಯುತ್ತಿತ್ತಾದರೂ ಅಡುಗೆ ಮಾಡುವ ಹೆಂಗಸರ ಕಣ್ಣು ಮತ್ತು ಶ್ವಾಸಕೋಶಗಳು ಅದರ ಬೆಲೆ ತೆತ್ತವೆಂಬುದನ್ನೂ ಹೇಳಬೇಕು.

4. ಕಚ್ಚಾ-ಪಕ್ಕಾ ಎಂಬ ವಿಂಗಡಣೆ

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಮರದ ಅಭಾವ, ಅವಿಭಕ್ತ ಕುಟುಂಬಗಳ ವಿಘಟನೆ, ಗುಳೆ ಮತ್ತು ಮುಯ್ಯಿಯ ಕ್ಷೀಣತೆಗಳು ಈ ಪರಂಪರೆಯನ್ನು ದುರ್ಬಲಗೊಳಿಸಿದವು. ಇವುಗಳೊಂದಿಗೆ ಆಡಳಿತದ ಒಂದು ಪದವೂ ಕೆಲಸ ಮಾಡಿತು. 1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯಿಂದ 2016ರ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ)ವರೆಗೆ ಕಚ್ಚಾ ಮನೆಯ ಬದಲು ಪಕ್ಕಾ ಮನೆ ಎಂಬುದೇ ಗುರಿ. ನಿರಾಶ್ರಿತರಿಗೆ ಸೂರು ಒದಗಿಸಿದ ಈ ಯೋಜನೆಗಳ ಮಹತ್ವ ನಿರ್ವಿವಾದ. ಇತ್ತೀಚಿನ ಮಾರ್ಗಸೂಚಿಗಳಲ್ಲಿ ಸ್ಥಳೀಯ ಸಾಮಗ್ರಿಗಳಿಗೂ ಅವಕಾಶವಿದೆ. ಆದರೆ ರೂಢಿಯಲ್ಲಿ ‘ಕಚ್ಚಾ’ ಎಂಬುದು ಮಣ್ಣಿಗೂ ಬಡತನಕ್ಕೂ ಸಮಾನಪದವಾಯಿತು. ಮಣ್ಣಿನ ಮನೆ ತೊರೆಯುವುದು ಗೌರವದ ಪ್ರಶ್ನೆಯಾಯಿತು.

ಮಾಳಿಗೆ ಮನೆಯ ದೋಷಗಳನ್ನು ಮರೆಮಾಚುವುದೂ ಸರಿಯಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಇದೇ ಬಗೆಯ ಮನೆಗಳು ಕುಸಿದು ಸಾವಿರಾರು ಜನ ಮಡಿದರು. ಮಣ್ಣಿನ ಗಾರೆಯಲ್ಲಿ ಪೇರಿಸಿದ ದುಂಡುಗಲ್ಲಿನ ಗೋಡೆಯ ಎರಡು ಮೈಗಳನ್ನು ಬೆಸೆಯುವ ಅಡ್ಡಗಲ್ಲುಗಳಿಲ್ಲದಿದ್ದುದು, ವರ್ಷವರ್ಷವೂ ಮಣ್ಣು ಹೇರಿ ಮಾಳಿಗೆಯ ಭಾರ ಹೆಚ್ಚಿದುದು ಇದಕ್ಕೆ ಮುಖ್ಯ ಕಾರಣಗಳು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಅತಿವೃಷ್ಟಿಗೂ ಅಸಂಖ್ಯ ಮಣ್ಣಿನ ಮನೆಗಳು ಬಲಿಯಾದವು. ಮಿತವಾದ ಮಳೆಗಾಗಿ ರೂಪುಗೊಂಡ ಮನೆ ಬದಲಾದ ಮಳೆಯನ್ನು ತಾಳದಾಯಿತು. ಈ ದುರಂತಗಳ ಪಾಠ ಮಣ್ಣನ್ನು ತ್ಯಜಿಸಬೇಕೆಂಬುದಲ್ಲ. ಗೋಡೆಯ ಬೆಸುಗೆ, ಮಾಳಿಗೆಯ ಭಾರ ಮತ್ತು ತಳಪಾಯದ ತೇವಗಳನ್ನು ತಿದ್ದಬೇಕೆಂಬುದು.

5. ಹೊಸ ಮಣ್ಣಿನ ಮನೆ

ಈ ತಿದ್ದುವಿಕೆಯ ಗಂಭೀರ ಪ್ರಯತ್ನ ಕರ್ನಾಟಕದಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವನ್ನು ತನ್ನ ಪ್ರಯೋಗಭೂಮಿಯಾಗಿಸಿಕೊಂಡಿತು. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆಯಂತೆಯೇ, ಅಲ್ಪಪ್ರಮಾಣದ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯೂ ಅದರ ಕೊಡುಗೆ. ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಟ್ಟ ಇಟ್ಟಿಗೆ ಮತ್ತು ಕಾಂಕ್ರೀಟ್ ತಾರಸಿಯ ಎರಡಂತಸ್ತಿನ ಕಟ್ಟಡಕ್ಕೆ ಚದರ ಮೀಟರಿಗೆ 2.92 ಗಿಗಾಜೂಲ್ ಶಕ್ತಿ ವ್ಯಯವಾದರೆ, ಒತ್ತಿದ ಮಣ್ಣಿನ ಇಟ್ಟಿಗೆ ಮತ್ತಿತರ ಪರ್ಯಾಯ ಕ್ರಮಗಳ ಕಟ್ಟಡಕ್ಕೆ 1.61 ಗಿಗಾಜೂಲ್ ಸಾಕು. ಸೌದೆಯನ್ನೂ ಕಲ್ಲಿದ್ದಲನ್ನೂ ಸುಡದೆ ಗೋಡೆ ಕಟ್ಟುತ್ತಿದ್ದ ಗ್ರಾಮೀಣ ಜ್ಞಾನಕ್ಕೆ ಇದು ಅಂಕಿಗಳಲ್ಲಿ ದೊರೆತ ಮನ್ನಣೆಯೆನ್ನಬಹುದು.

ಆದರೆ ಇಟ್ಟಿಗೆ ಬಂದ ಮಾತ್ರಕ್ಕೆ ಪರಂಪರೆ ಬರಲಿಲ್ಲ. ಹೊಸ ಮಣ್ಣಿನ ಮನೆಗಳು ಬಹುಮಟ್ಟಿಗೆ ನಗರದ ಅಂಚಿನ ಅನುಕೂಲಸ್ಥರ ಆಯ್ಕೆಯಾಗಿವೆ; ಮಣ್ಣಿನ ಅನುಭವವುಳ್ಳ ಹಳ್ಳಿಗರು ಅದನ್ನು ಬಿಟ್ಟು ಹೊರಟಿದ್ದಾರೆ. ಇದು ಈ ಚರಿತ್ರೆಯ ದೊಡ್ಡ ವೈರುಧ್ಯ.

ಸಮಾರೋಪ

ಮಾಳಿಗೆ ಮನೆಯನ್ನು ಇದ್ದಂತೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಅಷ್ಟು ಮರವೂ ಅಷ್ಟು ಆಳೂ ಇಂದಿಲ್ಲ. ಉಳಿಸಿಕೊಳ್ಳಬೇಕಾದುದು ಅದರ ಹಿಂದಿನ ತಿಳಿವು: ಯಾವ ಮಣ್ಣು ಗೋಡೆಗೆ, ಯಾವುದು ಮಾಳಿಗೆಗೆ, ಎಷ್ಟು ದಿನ ಕೊಳೆಯಬೇಕು, ಬೆಳಕಿಂಡಿ ಎಲ್ಲಿರಬೇಕು, ದನಕ್ಕೂ ಮನೆಯಲ್ಲಿ ಹೇಗೆ ಜಾಗ ಮಾಡಬೇಕು. ಈ ತಿಳಿವು ಗ್ರಂಥಸ್ಥವಲ್ಲ, ವೃದ್ಧ ಕುಶಲಕರ್ಮಿಗಳ ನೆನಪಿನಲ್ಲಿದೆ. ಅವರೊಂದಿಗೆ ಅಂಕಣ, ಜಂತಿ, ಸವಳು, ಗೋದಲಿ ಮುಂತಾದ ಪದಗಳೂ ಮರೆಯಾಗುತ್ತಿವೆ. ಜಿಲ್ಲಾವಾರು ವೃತ್ತಿಪದಕೋಶ, ಮನೆಗಳ ಅಳತೆ-ನಕ್ಷೆಗಳ ಸಂಗ್ರಹ ಮತ್ತು ಕಟ್ಟುವ ವಿಧಾನಗಳ ದಾಖಲೀಕರಣ ಜಾನಪದ ಅಧ್ಯಯನದ ತುರ್ತು ಕಾರ್ಯಗಳಾಗಬೇಕು. ಹಳ್ಳಿಯಲ್ಲಿ ತಂಪಾದ, ಮಿತವ್ಯಯದ, ಸುರಕ್ಷಿತ ಮನೆಯನ್ನು ಕಟ್ಟಬಯಸುವ ನಾಳಿನ ಕುಟುಂಬಕ್ಕೆ ವಿಜ್ಞಾನಿಯ ಅಂಕಿಯಷ್ಟೇ ಒಡ್ಡರ ಹಿರಿಯನ ಮಾತೂ ಬೇಕಾಗುತ್ತದೆ.