ಹಗಲು ಹಚ್ಚಿದ ಹೆಡ್‌ಲೈಟು: ಅರ್ಧ ಶತಮಾನದ ಲೆಕ್ಕ

2017ರ ಬೇಸಿಗೆಯಲ್ಲಿ ಹೊಸ ಬೈಕು, ಸ್ಕೂಟರು ಕೊಂಡವರಿಗೆಲ್ಲ ನೆನಪಿರುತ್ತದೆ. ಉರಿಬಿಸಿಲಿನಲ್ಲಿ ಹೋಗುತ್ತಿದ್ದರೆ ಎದುರಿಗೆ ಬಂದವರು ಕೈಯೆತ್ತಿ, ಬೆರಳುಗಳನ್ನು ಮಡಚಿ ಬಿಚ್ಚಿ, ‘ಲೈಟ್ ಉರೀತಿದೆ’ ಎಂದು ಸನ್ನೆ ಮಾಡುತ್ತಿದ್ದರು. ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು ನಿಂತವರು ‘ಸರ್, ಹೆಡ್‌ಲೈಟ್ ಆಫ್ ಮಾಡ್ಕೊಳ್ಳಿ, ಬ್ಯಾಟರಿ ಹೋಗುತ್ತೆ’ ಎನ್ನುತ್ತಿದ್ದರು. ಆಫ್ ಮಾಡಲು ಸ್ವಿಚ್ಚೇ ಇರಲಿಲ್ಲ. ಆ ವರ್ಷದ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳಿತು. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯ ಒತ್ತಾಸೆ ಅದರ ಹಿಂದಿತ್ತು. ಈಗ ಆ ಸನ್ನೆ ಬಹುತೇಕ ಮರೆಯಾಗಿದೆ. ಕಣ್ಣು ಒಗ್ಗಿಹೋಗಿದೆ.

ಇತ್ತೀಚೆಗೆ ಕಾರುಗಳಿಗೂ ಹಗಲುದೀಪ ಕಡ್ಡಾಯ ಮಾಡಬೇಕೆಂಬ ಮಾತು ವಿಚಾರ ಸಂಕಿರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಹಾಗೆನ್ನುವವರು ಕೊಡುವ ಆಧಾರ ಒಂದೇ: ಯುರೋಪಿನಲ್ಲಿ ಮಾಡಿದ್ದಾರೆ, ಅಪಘಾತ ಶೇ 10ರಿಂದ 15ರಷ್ಟು ಇಳಿದಿದೆ. ಮೂವತ್ತು ವರ್ಷ ಸಂಚಾರ ಎಂಜಿನಿಯರಿಂಗ್ ಪಾಠ ಮಾಡಿದ ನನಗೆ ಈ ವಾದ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅಂಕಿ ಸುಳ್ಳಲ್ಲ. ಆದರೆ ಅದು ಯಾವ ಊರಿನಲ್ಲಿ, ಯಾವ ಬೆಳಕಿನಲ್ಲಿ, ಎಂಥ ಜಗಳದ ನಡುವೆ ಹುಟ್ಟಿತು ಎಂಬುದನ್ನು ಬಿಟ್ಟು ಅಂಕಿಯನ್ನು ಮಾತ್ರ ಎತ್ತಿಕೊಂಡು ಬಂದಿದ್ದೇವೆ.

ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಗಲೂ ದೀಪ ಹಚ್ಚಿ ಓಡಿಸಿ ಎಂಬ ಸ್ವಯಂಪ್ರೇರಿತ ಪ್ರಚಾರ ನಡೆಯಿತು. ಕಾನೂನಾಗಿ ಮಾಡಿದ್ದು ಫಿನ್ಲೆಂಡ್: 1972ರಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ಚಳಿಗಾಲಕ್ಕೆ, 1982ರಲ್ಲಿ ವರ್ಷಪೂರ್ತಿ, 1997ರಲ್ಲಿ ಊರೊಳಗೂ. ಸ್ವೀಡನ್ 1977ರ ಅಕ್ಟೋಬರಿನಲ್ಲಿ ಎಲ್ಲ ರಸ್ತೆಗಳಿಗೂ ಒಂದೇ ಸಲ ತಂದಿತು. ನಾರ್ವೆ 1985ರಲ್ಲಿ ಹೊಸ ಕಾರುಗಳಿಗೆ, 1988ರಲ್ಲಿ ಎಲ್ಲ ಕಾರುಗಳಿಗೆ. ಡೆನ್ಮಾರ್ಕ್ 1990ರಲ್ಲಿ. ಕೆನಡಾ ಚಾಲಕನ ನೆನಪಿನ ಮೇಲೆ ಭಾರ ಹಾಕದೆ, 1989ರ ಡಿಸೆಂಬರಿನಿಂದ ತಯಾರಾಗುವ ವಾಹನಗಳಲ್ಲೇ ದೀಪ ಅಳವಡಿಸಬೇಕೆಂದಿತು. ನಕ್ಷೆ ಬಿಡಿಸಿ ನೋಡಿ, ಕಾನೂನು ತಂದವೆಲ್ಲವೂ ಬಡಗಣ ನಾಡುಗಳೇ. ಡಿಸೆಂಬರ್ ಕೊನೆಯಲ್ಲಿ ಹೆಲ್ಸಿಂಕಿಯ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಆರೂವರೆ ಡಿಗ್ರಿಯಷ್ಟೇ ಮೇಲಿರುತ್ತಾನೆ. ಅದೇ ದಿನ ಬೆಂಗಳೂರಿನಲ್ಲಿ ಸುಮಾರು 54 ಡಿಗ್ರಿ. ನಮ್ಮಲ್ಲಿ ಸಂಜೆಯ ಮಬ್ಬು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅವರಿಗೆ ಚಳಿಗಾಲದ ಹಗಲೆಂದರೆ ಬಹುಪಾಲು ಮಬ್ಬೇ.

ನನ್ನ ಪೀಳಿಗೆಯವರು ಈ ವಿಷಯಕ್ಕೆ ಬಂದದ್ದು 1990ರ ದಶಕದಲ್ಲಿ, ಒಂದು ದೊಡ್ಡ ಜಗಳದ ನಡುವೆ. ಜಗಳ ದೀಪದ ಮೇಲಲ್ಲ, ಲೆಕ್ಕದ ಮೇಲೆ. ಸ್ವೀಡನ್ನಿನ ಆಂಡರ್ಸನ್ ಮತ್ತು ನಿಲ್ಸನ್ ಅವರು 1981ರಲ್ಲಿ, ಕಾನೂನಿನಿಂದ ಹಗಲಿನ ಡಿಕ್ಕಿಗಳು ಸುಮಾರು ಶೇ 11ರಷ್ಟು ಕಡಿಮೆಯಾದವು ಎಂದು ತೋರಿಸಿದ್ದರು. ಅವರ ವಿಧಾನ ಸರಳ, ಚೆಂದ. ಹಗಲುದೀಪದಿಂದ ಉಪಕಾರವಾಗುವುದಿದ್ದರೆ ಅದು ಹಗಲು ಹೊತ್ತು ಒಂದಕ್ಕೊಂದು ಡಿಕ್ಕಿ ಹೊಡೆಯುವ ವಾಹನಗಳಿಗೆ. ತಾನೇ ಜಾರಿ ಬಿದ್ದ ಗಾಡಿಗೂ ರಾತ್ರಿಯ ಡಿಕ್ಕಿಗೂ ಅದರ ಸಂಬಂಧವಿಲ್ಲ. ಹಾಗಾಗಿ ಹಗಲಿನಲ್ಲಿ ‘ಡಿಕ್ಕಿಗೆ ಎದುರಾಗಿ ಒಂಟಿ ಅಪಘಾತ’ ಎಂಬ ಅನುಪಾತವನ್ನು ರಾತ್ರಿಯ ಅದೇ ಅನುಪಾತದ ಪಕ್ಕಕ್ಕಿಟ್ಟು, ಕಾನೂನಿನ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡುವುದು. ಪೆಟ್ರೋಲ್ ಬೆಲೆ ಏರಲಿ, ಮಳೆ ಹೆಚ್ಚಲಿ, ಎಲ್ಲ ಅಪಘಾತಗಳ ಮೇಲೂ ಒಂದೇ ಬಗೆಯ ಪರಿಣಾಮವಾದರೆ ಅದು ಲೆಕ್ಕದಲ್ಲಿ ಹೊಡೆದುಹೋಗುತ್ತದೆ.

1995ರಲ್ಲಿ ನೆದರ್‌ಲ್ಯಾಂಡ್ಸ್‌ನ ಥೀವೆಸ್ ಮತ್ತು ರೀಮರ್ಸ್ಮಾ ಅದೇ ಸ್ವೀಡನ್ ಅಂಕಿಗಳನ್ನು ಮರಳಿ ಬಿಚ್ಚಿದರು. ಅವರು ಕಂಡದ್ದು ಇಷ್ಟು: ಅನುಪಾತ ಬದಲಾದದ್ದು ನಿಜ, ಆದರೆ ಒಂಟಿ ಅಪಘಾತಗಳ ಸಂಖ್ಯೆ ಏರುಪೇರಾದದ್ದರಿಂದಲೇ ಅದು ಬದಲಾಗಿದ್ದಿರಬಹುದು. ಛೇದ ಹೆಚ್ಚಿದರೂ ಭಿನ್ನರಾಶಿ ಕಿರಿದಾಗುತ್ತದಲ್ಲ? ಮರುವರ್ಷವೇ ನಾರ್ವೆಯ ಸಾರಿಗೆ ಅರ್ಥಶಾಸ್ತ್ರ ಸಂಸ್ಥೆಯ ರೂನೆ ಎಲ್ವಿಕ್ 17 ಅಧ್ಯಯನಗಳನ್ನು ಒಟ್ಟುಗೂಡಿಸಿ, ದೀಪ ಹಚ್ಚಿದ ಕಾರು ಸಿಲುಕುವ ಹಗಲಿನ ಡಿಕ್ಕಿಗಳು ಶೇ 10–15 ಕಡಿಮೆ ಎಂದರು. ನಮ್ಮ ಸಂಕಿರಣಗಳಲ್ಲಿ ಓಡಾಡುವ ಅಂಕಿ ಇದೇ. ಆದರೆ ಅದೇ ಪ್ರಬಂಧದಲ್ಲಿ ಎಲ್ವಿಕ್ ಇನ್ನೊಂದು ಮಾತೂ ಬರೆದಿದ್ದರು. ಒಂದು ದೇಶ ಕಾನೂನು ತಂದಾಗ ಒಟ್ಟಾರೆ ಸಿಗುವ ಲಾಭ ಇದಕ್ಕಿಂತ ಕಡಿಮೆ, ಶೇ 3ರಿಂದ 12ರ ನಡುವೆ. ಇದನ್ನು ಯಾರೂ ಉದ್ಧರಿಸುವುದಿಲ್ಲ. 1997ರಲ್ಲಿ ಡಚ್ ಸಂಸ್ಥೆ ಸ್ವೋವ್‌ನ ಕೋರ್ನ್‌ಸ್ಟ್ರಾ ತಂಡ ಮತ್ತೊಂದು ಹೆಜ್ಜೆ ಮುಂದಿಟ್ಟು, ಧ್ರುವಕ್ಕೆ ಹತ್ತಿರವಾದಷ್ಟೂ ಲಾಭ ಹೆಚ್ಚು, ಭೂಮಧ್ಯರೇಖೆಯತ್ತ ಇಳಿದಂತೆ ಕಡಿಮೆ ಎಂಬ ರೇಖೆಯನ್ನು ಎಳೆಯಿತು. ಆ ರೇಖೆಯನ್ನು ನಮ್ಮ ಅಕ್ಷಾಂಶದವರೆಗೆ ಎಳೆದು ‘ಭಾರತಕ್ಕೆ ಇದು ಬೇಡ’ ಎಂದು ಕೈತೊಳೆದುಕೊಂಡವರೂ ಆಗ ಇದ್ದರು. ಅದೂ ತಪ್ಪೇ.

ತಪ್ಪೆಂದು ತಿಳಿಯಲು ಮಲೆನಾಡಿನ ರಸ್ತೆಯಲ್ಲಿ ಒಮ್ಮೆ ಗಾಡಿ ಓಡಿಸಿದರೆ ಸಾಕು. ಬೆಳಗ್ಗೆ ಹತ್ತು ಗಂಟೆ, ಸೂರ್ಯ ನೆತ್ತಿಯತ್ತ ಏರುತ್ತಿದ್ದಾನೆ, ರಸ್ತೆಯ ಎರಡೂ ಬದಿ ಮರ. ಡಾಂಬರಿನ ಮೇಲೆ ಬಿಸಿಲು–ನೆರಳು ಚಿತ್ತಾರದಂತೆ ಬಿದ್ದಿರುತ್ತದೆ. ಬೂದು ಬಣ್ಣದ ಕಾರೊಂದು ನೆರಳಿನ ಪಟ್ಟಿಯೊಳಗೆ ಹೊಕ್ಕರೆ ಮುಂದಿನ ಬಿಸಿಲಿಗೆ ಬರುವವರೆಗೆ ಇಲ್ಲವೇ ಇಲ್ಲ. ಓವರ್‌ಟೇಕ್ ಮಾಡಲು ಬಲಕ್ಕೆ ಎಳೆದವನು ನೋಡಿಯೇ ಎಳೆದಿರುತ್ತಾನೆ, ಕಂಡಿರುವುದಿಲ್ಲ. ನಮ್ಮ ಕ್ಷೇತ್ರದಲ್ಲಿ ಇಂಥ ಅಪಘಾತಗಳಿಗೆ ‘ನೋಡಿದರೂ ಕಾಣದ್ದು’ ಎಂಬ ವರ್ಗವೇ ಇದೆ. ಕಣ್ಣು ಕೆಲಸ ಮಾಡುವುದು ಬೆಳಕಿನ ಪ್ರಮಾಣದ ಮೇಲಲ್ಲ, ವಸ್ತುವಿಗೂ ಅದರ ಹಿನ್ನೆಲೆಗೂ ಇರುವ ವ್ಯತ್ಯಾಸದ ಮೇಲೆ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಹಗಲಿನಲ್ಲಿ ಬಸ್ ಚಾಲಕರು ಹೆಡ್‌ಲೈಟ್ ಹಾಕಿಕೊಳ್ಳುವುದಕ್ಕೆ ಯಾರ ಸುತ್ತೋಲೆಯೂ ಬೇಕಾಗಿಲ್ಲ.

ಅಕ್ಷಾಂಶದ ರೇಖೆಗೆ ಸರಿಯಾದ ಉತ್ತರ ಬಂದದ್ದು ಮಲೇಷ್ಯಾದಿಂದ. ಸಮೀಕ್ಷೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಕೆಲಸವನ್ನು ನಾನು ಇಡೀ ಕ್ಷೇತ್ರದ ಅತ್ಯುತ್ತಮ ಅಧ್ಯಯನಗಳಲ್ಲಿ ಒಂದೆಂದು ಎಣಿಸುತ್ತೇನೆ. ಭೂಮಧ್ಯರೇಖೆಗೆ ಮೂರು ಡಿಗ್ರಿ ದೂರದ ನಾಡು. ನಮ್ಮಂತೆಯೇ ಬೈಕುಗಳ ನಾಡು, ಸತ್ತವರಲ್ಲಿ ಬೈಕಿನವರೇ ಹೆಚ್ಚು. 1992ರಲ್ಲಿ ಅಲ್ಲಿ ಮೋಟಾರ್‌ಸೈಕಲ್ಲುಗಳು ಹಗಲೂ ಹೆಡ್‌ಲೈಟ್ ಹಾಕಿಕೊಳ್ಳಬೇಕೆಂದು ಮೊದಲು ಪ್ರಚಾರ ನಡೆಸಿ, ಆಮೇಲೆ ನಿಯಮ ಮಾಡಿದರು. ಪುತ್ರಾ ವಿಶ್ವವಿದ್ಯಾಲಯದ ರಾದಿನ್ ಉಮರ್ ಮತ್ತು ಸಂಗಡಿಗರು ಸೆರೆಂಬನ್, ಷಾ ಆಲಂ ಎಂಬ ಎರಡು ಊರುಗಳನ್ನು ಹಿಡಿದು ಕೂತರು. ಎಲ್ಲ ಅಪಘಾತಗಳನ್ನೂ ಒಟ್ಟಿಗೆ ಎಣಿಸಲಿಲ್ಲ. ಬೈಕು ಕಾಣದ್ದರಿಂದ ಆಗಬಹುದಾದಂಥವನ್ನು ಮಾತ್ರ ಬೇರೆ ತೆಗೆದರು. ಅವು ಸುಮಾರು ಶೇ 29ರಷ್ಟು ಇಳಿದಿದ್ದವು. ಬಿಸಿಲಿನ ನಾಡಿನಲ್ಲೂ ದೀಪಕ್ಕೆ ಕೆಲಸವಿದೆ, ಅದನ್ನು ಯಾರ ಮುಂದೆ ಹಚ್ಚಬೇಕು ಎಂಬುದೇ ಪ್ರಶ್ನೆ ಎಂಬುದನ್ನು ಆ ಅಧ್ಯಯನ ಕಲಿಸಿತು. ಕಾರು ಅಗಲವಾದದ್ದು, ನೆರಳು–ಮಳೆ ಬಿಟ್ಟರೆ ಹೇಗೂ ಕಾಣುತ್ತದೆ. ಬೈಕು ಎದುರಿನಿಂದ ನೋಡಿದರೆ ಒಂದು ಗೀಟು. 1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಲಾಸ್ ಏಂಜಲೀಸ್ ಸುತ್ತಿನ ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಹೇಳಿದ್ದೂ ಇದನ್ನೇ: ಡಿಕ್ಕಿ ಹೊಡೆದ ಕಾರಿನವನು ಬೈಕನ್ನು ಕಂಡಿರಲಿಲ್ಲ, ಇಲ್ಲವೇ ಕಂಡಾಗ ಹೊತ್ತು ಮೀರಿತ್ತು.

ಅಲ್ಲಿಂದ ಮುಂದಿನದು ಬಹುಮಟ್ಟಿಗೆ ಕಾನೂನಿನ, ಕಾರ್ಖಾನೆಯ ಕಥೆ. ಯುರೋಪಿಯನ್ ಒಕ್ಕೂಟ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ, 2012ರ ಆಗಸ್ಟಿನಿಂದ ಲಾರಿ–ಬಸ್ಸುಗಳಿಗೆ ಪ್ರತ್ಯೇಕ ಹಗಲುದೀಪ ಕಡ್ಡಾಯ ಮಾಡಿತು. ಬೆಳಕಿನ ತೀವ್ರತೆ 400 ಕ್ಯಾಂಡೆಲಾಗೆ ಕಡಿಮೆಯಿರಬಾರದು, 1200 ಮೀರಬಾರದು ಎಂಬ ಮಿತಿಯೂ ಇತ್ತು. ಎಲ್‌ಇಡಿ ಬಂದಿದ್ದರಿಂದ ಇಂಧನ ಪೋಲಾಗುತ್ತದೆಂಬ ಹಳೆಯ ತಕರಾರು ತಣ್ಣಗಾಯಿತು. ಕಂಪನಿಗಳು ಅದನ್ನು ಹುಬ್ಬಿನಂತೆ, ಕೊಕ್ಕೆಯಂತೆ ತಿದ್ದಿ ತಮ್ಮ ಗುರುತು ಮಾಡಿಕೊಂಡವು. ನಮ್ಮಲ್ಲಿ ಅನೇಕರು ಡಿಆರ್‌ಎಲ್ (ಹಗಲುದೀಪದ ಇಂಗ್ಲಿಷ್ ಹೆಸರಿನ ಚುಟುಕು ರೂಪ) ಎಂದರೆ ಶೋಕಿ ಎಂದು ತಿಳಿದಿರುವುದು ಇದರಿಂದಲೇ. ಅಮೆರಿಕದ ದಾರಿ ಬೇರೆ. ಅಲ್ಲಿ 1993ರಲ್ಲಿ ಹಗಲುದೀಪಕ್ಕೆ ಅನುಮತಿ ಸಿಕ್ಕಿತು, ಕಡ್ಡಾಯವಾಗಲಿಲ್ಲ. ಜನರಲ್ ಮೋಟರ್ಸ್ ತಾನಾಗಿ ಅಳವಡಿಸಿತು, 2001ರಲ್ಲಿ ಎಲ್ಲರಿಗೂ ಕಡ್ಡಾಯ ಮಾಡಿ ಎಂದು ಅರ್ಜಿ ಹಾಕಿತು. ಹೆದ್ದಾರಿ ಸುರಕ್ಷತಾ ಇಲಾಖೆ 2008ರಲ್ಲಿ ಅಧ್ಯಯನ ಮಾಡಿಸಿತು. ಒಟ್ಟಾರೆ ಖಚಿತವಾದ ಪರಿಣಾಮ ಕಾಣಲಿಲ್ಲ. ಮರುವರ್ಷ ಅರ್ಜಿ ತಿರಸ್ಕಾರವಾಯಿತು.

ಆಸ್ಟ್ರಿಯಾದ ಪ್ರಸಂಗವನ್ನು ಹಗಲುದೀಪದ ಪಕ್ಷಪಾತಿಗಳು ಹಾರಿಸಿಬಿಡುತ್ತಾರೆ. 2005ರ ನವೆಂಬರಿನಲ್ಲಿ ಅಲ್ಲಿ ಎಲ್ಲ ಕಾರುಗಳೂ ಹಗಲು ದೀಪ ಹಾಕಬೇಕೆಂದಾಯಿತು. 2008ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಂಡರು. ಕಾರುಗಳೆಲ್ಲ ದೀಪ ಹಚ್ಚಿದರೆ ದೀಪವಿಲ್ಲದ ಪಾದಚಾರಿ, ಸೈಕಲ್ಲಿನವರು ಇನ್ನಷ್ಟು ಮಂಕಾಗುತ್ತಾರೆ, ಬೈಕಿನ ದೀಪ ಕಾರುಗಳ ದೀಪದಲ್ಲಿ ಕಳೆದುಹೋಗುತ್ತದೆ ಎಂಬ ಭಯ ಮುಖ್ಯ ಕಾರಣಗಳಲ್ಲಿ ಒಂದು. 2004ರಲ್ಲಿ ಡಚ್ ಪ್ರಯೋಗವೊಂದು ಈ ಭಯಕ್ಕೆ ಆಧಾರವಿಲ್ಲ ಎಂದಿತ್ತು. 2012ರಲ್ಲಿ ಫ್ರಾನ್ಸಿನ ವಿಯೊಲಾ ಕವಾಲೊ ಮತ್ತು ಮರಿಯಾ ಪಿಂಟೊ ಇನ್ನಷ್ಟು ಗಿಜಿಗುಡುವ ನಗರದ ರಸ್ತೆಚಿತ್ರಗಳನ್ನು ಜನರ ಮುಂದಿಟ್ಟು ಪರೀಕ್ಷಿಸಿದಾಗ ಫಲಿತಾಂಶ ತಿರುಗಿತು. ಸುತ್ತಲ ಕಾರುಗಳ ದೀಪ ಹೊತ್ತಿದ್ದಾಗ ಬೈಕು, ಸೈಕಲ್ಲು, ಪಾದಚಾರಿ ಮೂವರೂ ಕಣ್ಣಿಗೆ ಬೀಳುವುದು ಕಡಿಮೆಯಾಯಿತು. ಮುಂದೆ ಅದೇ ತಂಡ, ಬೈಕುಗಳಿಗೆ ಹಳದಿ ದೀಪ ಕೊಟ್ಟರೆ ಕಾರುಗಳ ಬಿಳಿಯ ನಡುವೆ ಗುರುತು ಸಿಗುತ್ತದೆಯೇ ಎಂದೂ ಪರೀಕ್ಷಿಸಿತು. ನಮ್ಮ ಯಾವ ಜಂಕ್ಷನ್ನಿಗೆ ಹೋದರೂ ಆ ಪ್ರಯೋಗದ ಚಿತ್ರಗಳಿಗಿಂತ ಗಿಜಿಗಿಜಿ.

ಕೆನಡಾದ ಕಲಿಕೆಯನ್ನೂ ಇಲ್ಲಿ ಹೇಳಬೇಕು. ಮುಂದೆ ಹಗಲುದೀಪ ಉರಿಯುತ್ತಿದೆ, ಡ್ಯಾಶ್‌ಬೋರ್ಡೂ ಬೆಳಗಿದೆ. ಚಾಲಕ ಲೈಟ್ ಹಾಕಿದ್ದೇನೆಂದೇ ನಂಬಿರುತ್ತಾನೆ. ಹಿಂದೆ ಟೇಲ್‌ಲೈಟ್ ಇಲ್ಲ. ಕತ್ತಲಲ್ಲಿ ಇಂಥ ಕಾರುಗಳಿಂದ ಅಪಾಯವೆಂದು ಕಂಡುಕೊಂಡು 2021ರ ಸೆಪ್ಟೆಂಬರಿನಿಂದ ಕೆನಡಾ ಹೊಸ ವಾಹನಗಳ ನಿಯಮವನ್ನೇ ತಿದ್ದಿತು. ಮಳೆ ಸುರಿಯುವ ಸಂಜೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತರೆ, ಮುಂದೆ ಝಗಮಗ ಹಿಂದೆ ಕತ್ತಲಾದ ಕಾರುಗಳು ನಮಗೂ ಕಾಣುತ್ತವೆ.

ಭಾರತದ ಮಟ್ಟಿಗೆ ಈ ಕ್ಷೇತ್ರ ಬೆಳೆದದ್ದು ದೀಪದ ಹಿಂದೆ ಬಿದ್ದವರಿಂದಲ್ಲ, ಸಾಯುತ್ತಿರುವವರು ಯಾರು ಎಂದು ಎಣಿಸಿದವರಿಂದ. ದೆಹಲಿಯ ಐಐಟಿಯಲ್ಲಿ ದಿನೇಶ್ ಮೋಹನ್, ಗೀತಂ ತಿವಾರಿ ಅವರು ನಡೆಯುವವರನ್ನೂ ಸೈಕಲ್ಲಿನವರನ್ನೂ ಅಧ್ಯಯನದ ನಡುಮಧ್ಯಕ್ಕೆ ತಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಜಿ. ಗುರುರಾಜ್ ಮತ್ತು ಅವರ ವಿಭಾಗದವರು ಪೊಲೀಸ್ ದಾಖಲೆಯ ಜತೆ ಆಸ್ಪತ್ರೆಗಳ ದಾಖಲೆಯನ್ನೂ ಸೇರಿಸಿ ಗಾಯಗಳ ಕಣ್ಗಾವಲು ವ್ಯವಸ್ಥೆ ಕಟ್ಟಿದರು. ಈ ಪರಂಪರೆಗೆ ನಾನು ಋಣಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5 ದ್ವಿಚಕ್ರದವರು, ಶೇ 19.5 ಪಾದಚಾರಿಗಳು. ಕಾರಿಗೆ ದೀಪ ಕಡ್ಡಾಯ ಮಾಡಬೇಕೇ ಎಂಬ ಪ್ರಶ್ನೆಯನ್ನು ಈ ಎರಡು ಅಂಕಿಗಳ ಎದುರು ನಿಂತು ಕೇಳಬೇಕು.

ಹಾಗೆ ಕೇಳುವುದಕ್ಕೆ ಬೇಕಾದ ಪ್ರಯೋಗ ನಮ್ಮ ಕೈಯಲ್ಲೇ ಇದೆ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟು ಹೊಗೆಯ ಹಳೆಯ ಮಾನದಂಡದ, ಅಂದರೆ ಬಿಎಸ್–3 ವಾಹನಗಳ ಮಾರಾಟವನ್ನು ಏಪ್ರಿಲ್ 1ರಿಂದ ನಿಲ್ಲಿಸಿತು. ಕಂಪನಿಗಳ ಬಳಿ ಉಳಿದಿದ್ದ ಎಂಟು ಲಕ್ಷಕ್ಕೂ ಹೆಚ್ಚು ವಾಹನಗಳಲ್ಲಿ ಬಹುಪಾಲು ದ್ವಿಚಕ್ರ. ಮುಂದಿನ ಎರಡು ದಿನ ಸಾವಿರಾರು ರೂಪಾಯಿ ರಿಯಾಯಿತಿ, ಷೋರೂಮುಗಳ ಮುಂದೆ ಜನಜಾತ್ರೆ. ಹಾಗೆ ಹೋದ ಹಳೆಯ ಸ್ಟಾಕಿನ ಗಾಡಿಗಳಿಗೆ ತಾನಾಗಿ ಹೊತ್ತುವ ದೀಪ ಕಡ್ಡಾಯವಿರಲಿಲ್ಲ. ಏಪ್ರಿಲಿನಿಂದ ಬಂದವಕ್ಕೆ ಇತ್ತು. ಅದೇ ಕಂಪನಿ, ಅದೇ ಬಗೆಯ ಗಾಡಿ, ಅದೇ ರಸ್ತೆ, ಅದೇ ಬಗೆಯ ಸವಾರರು. ಮರುವರ್ಷದಿಂದ ಎಬಿಎಸ್, ಸಿಬಿಎಸ್ ಬ್ರೇಕುಗಳ ನಿಯಮ ಬಂದು ಲೆಕ್ಕ ಕಲಸಿಹೋಗುತ್ತದೆ. ಆದ್ದರಿಂದ ಶುದ್ಧವಾಗಿ ಹೋಲಿಸಬಹುದಾದದ್ದು 2016–17ರ ಗಾಡಿಗಳನ್ನು 2017–18ರ ಗಾಡಿಗಳ ಜತೆ, ಅಷ್ಟೇ. ಎಫ್‌ಐಆರ್‌ನಲ್ಲಿ ನೋಂದಣಿ ಸಂಖ್ಯೆ ಇದೆ. ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಆ ಸಂಖ್ಯೆಯ ಎದುರು ತಯಾರಾದ ತಿಂಗಳಿದೆ, ಬಿಎಸ್–3 ಅಥವಾ 4 ಎಂದಿದೆ. ಅಪಘಾತದ ಹೊತ್ತು ದಾಖಲಾಗಿದೆ. ರಾತ್ರಿ ಎರಡೂ ಬಗೆಯ ಗಾಡಿಗಳ ದೀಪ ಉರಿಯುತ್ತದೆ, ಹಗಲು ಮಾತ್ರ ವ್ಯತ್ಯಾಸ. ಹಗಲಿನ ಡಿಕ್ಕಿಯನ್ನು ರಾತ್ರಿಯ ಡಿಕ್ಕಿಯಿಂದ ಭಾಗಿಸಿ ಎರಡು ಗುಂಪುಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಸ್ವೀಡನ್ನಿನವರ ಒಂಟಿ ಅಪಘಾತದ ಛೇದ ನಮಗೆ ಒದಗುವುದಿಲ್ಲ. ನಮ್ಮಲ್ಲಿ ಸ್ಕಿಡ್ ಆಗಿ ಬಿದ್ದವನು ಎಷ್ಟೋ ಸಲ ಠಾಣೆ ಮೆಟ್ಟಿಲು ಹತ್ತದೆ ಆಸ್ಪತ್ರೆಯಿಂದಲೇ ಮನೆಗೆ ಹೋಗುತ್ತಾನೆ. ನಿಮ್ಹಾನ್ಸ್ ಮಾದರಿಯ ಆಸ್ಪತ್ರೆ ದಾಖಲೆ ಬೇಕಾಗುವುದು ಅಲ್ಲೇ.

ಅಪಘಾತ ದಾಖಲೆಯ ಐ–ರಾಡ್ ವ್ಯವಸ್ಥೆಯನ್ನು ಮೊದಲು ಪ್ರಯೋಗಿಸಿದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂದು ಎಂಜಿನಿಯರಿಂಗ್ ಕಾಲೇಜಿನ ಎಂ.ಟೆಕ್ ವಿದ್ಯಾರ್ಥಿಗಳಿಬ್ಬರು, ಒಂದು ಜಿಲ್ಲೆಯ ಪೊಲೀಸರ ಸಹಕಾರ, ಒಂದು ವರ್ಷ ಸಾಕು. ಮಲೇಷ್ಯಾದವರು ಮಾಡಿದ್ದು ಎರಡು ಊರುಗಳಲ್ಲಿ. ಬೈಕಿನ ದೀಪ ನಮ್ಮ ರಸ್ತೆಯಲ್ಲಿ ಎಷ್ಟು ಜೀವ ಉಳಿಸಿತೆಂದು ಗೊತ್ತಾದ ಮೇಲೆ, ಕಾರುಗಳೂ ದೀಪ ಹಚ್ಚಿದರೆ ಅದರಲ್ಲಿ ಎಷ್ಟು ಕಳೆದುಕೊಳ್ಳುತ್ತೇವೆ ಎಂದು ಕೇಳಬಹುದು. 2016–17ರಲ್ಲಿ ನೋಂದಣಿಯಾದ ಗಾಡಿಗಳಿಗೆ 2031–32ರಲ್ಲಿ ಹದಿನೈದು ವರ್ಷ ತುಂಬುತ್ತದೆ. ಈಗಲೇ ಅವು ಒಂದೊಂದಾಗಿ ಗುಜರಿ ಸೇರುತ್ತಿವೆ.