ಹರಕೆಯ ನಾಯಿ, ಹುಳಿಯ ಮಡಕೆ

ಕೊಡಗಿನ ಚರಿತ್ರೆ ಎಂದೊಡನೆ ಹಾಲೇರಿ ಅರಸರು ನೆನಪಾಗುತ್ತಾರೆ. ಮಡಿಕೇರಿಯ ಕೋಟೆ, 1834ರಲ್ಲಿ ಚಿಕವೀರರಾಜೇಂದ್ರನಿಂದ ರಾಜ್ಯ ಕಸಿದುಕೊಂಡ ಬ್ರಿಟಿಷರು, ಆಮೇಲೆ ಬೆಟ್ಟಗಳನ್ನು ಹಬ್ಬಿದ ಕಾಫಿ, ಸೇನೆಗೆ ಹೋದ ಮಕ್ಕಳು, ಹೀಗೆ ಕಥೆ ಮುಂದುವರಿಯುತ್ತದೆ. ಅದರ ತುಂಬ ಕಬ್ಬಿಣದ ಸದ್ದು: ಒಡಿಕತ್ತಿ, ಪೀಚೆಕತ್ತಿ, ಕೋವಿ. ಮಣ್ಣಿಗೆ ಅಲ್ಲಿ ಒಂದು ಅಧ್ಯಾಯವೂ ಸಿಕ್ಕಿಲ್ಲ. ಆದರೆ ಈ ನಾಡಿನಲ್ಲಿ ಮನುಷ್ಯರ ಕೈಯಿಂದ ರೂಪ ಪಡೆದು ಇಂದಿಗೂ ಉಳಿದಿರುವ ಅತಿ ಹಳೆಯ ವಸ್ತುಗಳಲ್ಲಿ ಮಡಕೆಯೂ ಒಂದು.

19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ವಿರಾಜಪೇಟೆಯ ಬಳಿ, ಆಗ ಫ್ರೇಜರ್‌ಪೇಟೆ ಎನಿಸಿದ್ದ ಕುಶಾಲನಗರದ ಸುತ್ತ, ಜನ ಪಾಂಡವರ ಹೆಸರಿನೊಂದಿಗೆ ಜೋಡಿಸಿದ್ದ ಕಲ್ಲುಮನೆಗಳನ್ನು ಅಗೆದರು. ಅವು ಕಬ್ಬಿಣ ಯುಗದ ಶಿಲಾಸಮಾಧಿಗಳು. ನಿಂತ ಬಂಡೆಗಳ ಮೇಲೆ ಚಪ್ಪಡಿ, ಒಳಗೆ ಸತ್ತವರ ಜತೆ ಇಟ್ಟ ಮಡಕೆ ಕುಡಿಕೆಗಳು. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸಿಗುವ ಹೆಸರಾಂತ ಮಡಕೆಗಳಿಗೆ ಒಳಮೈ ಕಪ್ಪು, ಹೊರಮೈ ಕೆಂಪು. ಇದು ಬಣ್ಣ ಬಳಿದು ಬಂದದ್ದಲ್ಲ. ಗಾಳಿ ತಾಗಿದ ಕಡೆ ಮಣ್ಣಿನೊಳಗಿನ ಕಬ್ಬಿಣ ಕೆಂಪಾಗುತ್ತದೆ. ಗಾಳಿ ಸಿಗದೆ ಹೊಗೆಯಲ್ಲಿ ಬೆಂದ ಕಡೆ ಕಪ್ಪಾಗುತ್ತದೆ. ಒಂದೇ ಬೆಂಕಿಯಿಂದ ಎರಡು ಬಣ್ಣ ತೆಗೆಯಬೇಕಾದರೆ ಯಾವ ಕಡೆ ಗಾಳಿ ಆಡಬೇಕು, ಯಾವ ಕಡೆ ಆಡಬಾರದು ಎಂಬುದು ಸುಡುವವರಿಗೆ ಗೊತ್ತಿರಬೇಕು. ಅಗೆಸಿದ ಅಧಿಕಾರಿಗಳ ಹೆಸರುಗಳು ವರದಿಗಳಲ್ಲಿವೆ. ಸುಟ್ಟವರ ಹೆಸರು ಎಲ್ಲಿಯೂ ಇಲ್ಲ.

ಆ ಕಾಲದ ಕೈಗಳಿಂದ ಇಂದಿನವರೆಗೆ ನೇರ ಗೆರೆ ಎಳೆಯಲಾಗದು. ಈಚಿನ ಶತಮಾನಗಳ ಕೊಡಗಿನಲ್ಲಿ ಮಡಕೆ ಮಾಡುವ ಕುಲವೃತ್ತಿ ಕೊಯವರದು. ಕೊಡವ ತಕ್ಕ್ ಆಡುವ ಹಲವು ಸಮುದಾಯಗಳಲ್ಲಿ ಇದೂ ಒಂದು. ಮರ ಮತ್ತು ಲೋಹದ ಕೆಲಸದ ಐರಿಗಳ, ಬಿದಿರಿನ ಕೆಲಸದ ಮೇದರ ಸಾಲಿನಲ್ಲಿ ನಿಲ್ಲುವ ಕಸುಬುದಾರರು. ಅವರ ಕೆಲಸದ ದಿನಗಳನ್ನು ಗೊತ್ತುಮಾಡಿದ್ದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಾಡಿನಲ್ಲಿ ಹಸಿ ಮಡಕೆ ಒಣಗುವುದಿಲ್ಲ, ಒಣಗದ ಮಡಕೆಯನ್ನು ಬೆಂಕಿಗಿಟ್ಟರೆ ಒಳಗಿನ ನೀರು ಆವಿಯಾಗಿ ಅದನ್ನು ಸಿಡಿಸುತ್ತದೆ. ಹಾಗಾಗಿ ತಿಗರಿಗೆ, ಆವಿಗೆಗೆ ಬೇಸಿಗೆಯೇ ಸುಗ್ಗಿ. ಬಾಳೆಲೆಯಂಥ ದಕ್ಷಿಣ ಕೊಡಗಿನ ಊರುಗಳಲ್ಲಿ, ಲಕ್ಷ್ಮಣತೀರ್ಥ ಹರಿಯುವ ಬಯಲುಗಳಲ್ಲಿ, ಭತ್ತ ಬೆಳೆಯುವ ತಗ್ಗು ಗದ್ದೆ ಜಿಗುಟು ಮಣ್ಣಿನದು. ಅನ್ನ ಕೊಡುವುದೂ ಅನ್ನ ಬೇಯಿಸುವ ಪಾತ್ರೆ ಕೊಡುವುದೂ ಅಂಥ ನೆಲವೇ.

ಮಡಕೆಯ ರೂಪವನ್ನು ತೀರ್ಮಾನಿಸುವುದು ಅದರ ಕೆಲಸ. ಕೊಡಗಿನ ಅಡುಗೆಮನೆಯ ಕಾಚಂಪುಳಿಯನ್ನೇ ನೋಡಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಹುಳಿಹಣ್ಣಿನ ರಸ ಇಳಿಸಿ, ಅದು ಕಪ್ಪಾಗಿ ಮಂದವಾಗುವವರೆಗೆ ಕಾಯಿಸಬೇಕು. ಅಷ್ಟು ಹುಳಿಯನ್ನು ತಾಮ್ರ ಹಿತ್ತಾಳೆ ತಾಳುವುದಿಲ್ಲ. ಲೋಹ ಕರಗಿ ರಸ ಕಿಲುಬುತ್ತದೆ. ಮಣ್ಣಿಗೆ ಆ ಭಯವಿಲ್ಲ. ಹಂದಿ ಸಾರಿನ ಕೊನೆಗೆ ಬೀಳುವ ಆ ಒಂದು ಚಮಚ ಕಪ್ಪು ಹುಳಿಯ ಹಿಂದೆ ಹೀಗೆ ಒಂದು ಮಡಕೆ ಇದೆ. ಬೆಂಕಿಯ ಮೇಲೆ ಕೂರಬೇಕಾದ್ದರಿಂದ ಅದರ ತಳ ದುಂಡಗೆ. ಮೂಲೆ ಇದ್ದರೆ ಕಾವಿಗೆ ಅಲ್ಲಿಂದಲೇ ಬಿರುಕು. ಮಣ್ಣಿಗೆ ಮರಳು ಬೆರೆಸುವುದೂ ಕಾವು ತಾಳಲೆಂದೇ. ಇಂದು ಕಲಾಶಾಲೆಗಳಲ್ಲಿ ‘ಪ್ರಕೃತಿಯಿಂದ ಪ್ರೇರಿತ ರೂಪ’ ಎಂದು ಕಲಿಸುತ್ತಾರೆ. ಇಲ್ಲಿ ಪ್ರಕೃತಿ ಬರಿಯ ಪ್ರೇರಣೆ ಕೊಟ್ಟು ಸುಮ್ಮನಾಗಲಿಲ್ಲ. ತಪ್ಪು ಮಾಡಿದರೆ ಮಡಕೆ ಒಡೆದು ತೋರಿಸಿತು.

ಇದೇ ಕಲೆ ಅಡುಗೆಮನೆ ದಾಟಿ ಕಾಡಿಗೂ ಹೋಯಿತು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಹಲವು ಅಯ್ಯಪ್ಪನವು. ಈ ಅಯ್ಯಪ್ಪ ಬೇಟೆಯ ದೇವರು, ಕಾಡಿನ ಒಡೆಯ. ಅವನಿಗೆ ಹರಕೆಯಾಗಿ ಒಪ್ಪಿಸುವುದು ಮಣ್ಣಿನ ನಾಯಿಗಳನ್ನು. ಮರದ ಬುಡದಲ್ಲಿ, ಕಲ್ಲಿನ ಕಟ್ಟೆಯ ಸುತ್ತ ಅವು ಗುಂಪುಗುಂಪಾಗಿ ನಿಂತಿರುತ್ತವೆ. ತಮಿಳುನಾಡಿನಲ್ಲಿ ಇದೇ ಶಾಸ್ತಾವಿನ ಬಳಗದ ಅಯ್ಯನಾರನಿಗೆ ಆಳೆತ್ತರ ಮೀರಿದ ಮಣ್ಣಿನ ಕುದುರೆಗಳನ್ನು ಕೊಡುತ್ತಾರೆ. ಬಯಲುಸೀಮೆಯ ಕಾವಲು ದೇವರಿಗೆ ಕುದುರೆ ಬೇಕು. ದಟ್ಟ ಕಾಡಿನ ಬೇಟೆಗಾರನಿಗೆ ಕುದುರೆಯಿಂದ ಏನು ಪ್ರಯೋಜನ? ಅವನಿಗೆ ಬೇಕಾದ್ದು ಮುಂದೆ ಓಡಿ ಜಾಡು ಹಿಡಿಯುವ ನಾಯಿ. ದೇವರ ಕೈಗೆ ಏನು ಕೊಡಬೇಕೆಂಬುದನ್ನು ಶಿಲ್ಪಶಾಸ್ತ್ರ ಹೇಳಲಿಲ್ಲ, ನಿತ್ಯದ ಬದುಕು ಹೇಳಿತು.

ಘಟ್ಟದ ಕೆಳಗೂ ಇಂಥದೇ ಒಂದು ಪರಂಪರೆ ಇದೆ. ಬೆಳ್ತಂಗಡಿ ತಾಲೂಕಿನ ಸುರ್ಯದ ಸದಾಶಿವರುದ್ರ ದೇವಸ್ಥಾನದಲ್ಲಿ ಮಣ್ಣಿನ ಗೊಂಬೆಗಳೇ ಹರಕೆ. ಮನೆ ಬಯಸಿದವರು ಮಣ್ಣಿನ ಮನೆ, ಮಗು ಬಯಸಿದವರು ತೊಟ್ಟಿಲು ಒಪ್ಪಿಸುತ್ತಾರೆ. ಕಾಲ ಬದಲಾದಂತೆ ವಾಹನಗಳೂ ಬಂದಿವೆ. ಅವನ್ನು ಒಟ್ಟಿ ಇಟ್ಟ ಬನ ಸಾಮಾನ್ಯ ಜನರ ಆಸೆ, ಆತಂಕಗಳ ದಾಖಲೆಯಂತಿದೆ. ಅರಸರ ಶಾಸನಗಳಲ್ಲಿ ಇವು ಸಿಗುವುದಿಲ್ಲ.

ಕುಂಬಾರನ ಹೆಸರನ್ನು ಕನ್ನಡ ಸಾಹಿತ್ಯ ಪೂರ್ತಿ ಮರೆತಿಲ್ಲ ಎಂಬುದನ್ನೂ ಹೇಳಬೇಕು. ಹರಿಹರ ತನ್ನ ರಗಳೆಯೊಂದನ್ನು ಕುಂಬಾರ ಗುಂಡಯ್ಯನಿಗೇ ಮೀಸಲಿಟ್ಟ. ಗುಂಡಯ್ಯ ಮಡಕೆ ಬಡಿದ ತಾಳಕ್ಕೆ ಶಿವನೇ ಕುಣಿದ ಎಂಬುದು ಅದರ ಕಥೆ. ಮಡಕೆಯ ಮೈ ಗಟ್ಟಿಯಾಗಲು ಬಡಿಯಲೇಬೇಕು, ಒಡಕಿದೆಯೇ ಎಂದು ತಿಳಿಯಲೂ ಬಡಿದು ನೋಡಬೇಕು. ಆ ಕಸುಬಿನ ಸದ್ದನ್ನೇ ಹರಿಹರ ಪೂಜೆಯ ಸಂಗೀತವೆಂದು ಕೇಳಿಸಿಕೊಂಡ. ಭಕ್ತಿಗಾಗಿ ಗುಂಡಯ್ಯ ತಿಗರಿ ಬಿಟ್ಟೇಳಬೇಕಾಗಲಿಲ್ಲ.

ಆದರೆ ಕಾವ್ಯದ ಈ ಗೌರವ ಬಾಳಿನಲ್ಲಿ ಸಿಕ್ಕಿತೇ? ಮಣ್ಣಿನ ಪಾತ್ರೆ ಮೈಲಿಗೆಯಾದರೆ ತೊಳೆದು ಶುದ್ಧ ಮಾಡಲಾಗದು, ಎಸೆಯಬೇಕು ಎಂಬುದು ಜಾತಿ ಸಮಾಜದ ನಿಯಮ. ಸೂತಕ ಬಂದಾಗಲೆಲ್ಲ ಹಳೆಯದು ಹೊರಗೆ, ಹೊಸದು ಒಳಗೆ. ಕುಂಬಾರನ ಹೊಟ್ಟೆ ತುಂಬಿದ್ದು ಹೀಗೆ ಒಡೆಯುವುದರಿಂದಲೇ. ಅವನ ಕೆಲಸ ಯಾರ ಮನೆಯಲ್ಲೂ ವಂಶಪಾರಂಪರ್ಯದ ಆಸ್ತಿಯಾಗದೆ ಹೋದದ್ದೂ ಅದರಿಂದಲೇ. ಒಡಿಕತ್ತಿಯನ್ನು ಮೊಮ್ಮಗ ಗೋಡೆಗೆ ತೂಗುಹಾಕುತ್ತಾನೆ. ಅಜ್ಜಿಯ ಮಡಕೆ ತಿಪ್ಪೆ ಸೇರಿತು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು ಹುಲ್ಲು ಹೊದಿಸಿದ್ದ ಸೂರುಗಳನ್ನು ಬದಲಿಸಿತು. ಅದೂ ಸುಟ್ಟ ಮಣ್ಣೇ, ಆದರೆ ಒಂದು ವ್ಯತ್ಯಾಸವಿತ್ತು: ಕಾರ್ಖಾನೆ ಪ್ರತಿ ಹೆಂಚಿನ ಬೆನ್ನಿಗೂ ತನ್ನ ಹೆಸರು ಒತ್ತಿತು. ಹಳೆಯ ಮನೆಯ ಹೆಂಚು ತಿರುವಿದರೆ ಮಾಡಿದವರು ಯಾರೆಂದು ಇಂದಿಗೂ ಓದಬಹುದು. ಅದೇ ಮನೆಯ ಅಡುಗೆಕೋಣೆಯ ಮಡಕೆಯ ಮೇಲೆ ಬೆರಳ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ. ಆಮೇಲೆ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ ಬಂದು ಆ ಮಡಕೆಯನ್ನೂ ಕೆಳಗಿಳಿಸಿದವು.

ಈಗ ನಗರದ ಸ್ಟುಡಿಯೋಗಳಲ್ಲಿ ಎಲೆಯ ನರ, ಮರದ ತೊಗಟೆ, ಮಳೆಹನಿಯ ಗುರುತುಗಳನ್ನು ಮಣ್ಣಿಗೆ ಒತ್ತಿ ಚೆಂದದ ಕೆಲಸ ನಡೆಯುತ್ತಿದೆ. ಕಲಾವಿದರು ತಳದಲ್ಲಿ ಸಹಿ ಹಾಕುತ್ತಾರೆ, ಹಾಕಲೇಬೇಕು. ಕೊಡಗಿನ ಮಣ್ಣಿನ ನಾಯಿಯನ್ನೂ ಅದೇ ಸಾಲಿನಲ್ಲಿಟ್ಟು ನೋಡುವ ಕಣ್ಣು ನಮಗೆ ಬೇಕು. ಹಾಗೆಂದು ಅದನ್ನು ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಆಗದು. ಅದು ಇರಬೇಕಾದ್ದು ದೇವರಕಾಡಿನಲ್ಲಿ. ಹರಕೆ ಸಂದ ಮೇಲೆ ಅದನ್ನು ಯಾರೂ ದುರಸ್ತಿ ಮಾಡುವುದಿಲ್ಲ; ಪಾಚಿ ಹಿಡಿದು, ಕಿವಿ ಮುರಿದು, ನಿಧಾನವಾಗಿ ನೆಲಕ್ಕೆ ಇಳಿಯುತ್ತದೆ. ಕಾಡೇ ತೋಟವಾದರೆ ನಾಯಿಗೆ ನಿಲ್ಲಲು ಜಾಗವಿಲ್ಲ, ಮಾಡುವ ಕೈ ನಿಂತರೆ ಕಾಡಿಗೆ ಹೊಸ ನಾಯಿ ಬರುವುದಿಲ್ಲ.

ಚರಿತ್ರೆ ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡುವ ಕೆಲಸ ಸಾಕಷ್ಟಿದೆ. ಯಾವ ಗದ್ದೆಯಿಂದ ಮಣ್ಣು ತರುತ್ತಿದ್ದರು, ಎಷ್ಟು ಮರಳು ಬೆರೆಸುತ್ತಿದ್ದರು, ನಾಯಿಯ ಕಿವಿಯನ್ನು ಯಾವಾಗ ಅಂಟಿಸುತ್ತಿದ್ದರು, ಪ್ರತಿ ಮಡಕೆಗೂ ಕೊಡವ ತಕ್ಕಿನಲ್ಲಿ ಏನು ಹೆಸರು? ಇದನ್ನು ಬಲ್ಲವರು ವಯಸ್ಸಾದವರು. ಕೇಳಿ ಬರೆದುಕೊಳ್ಳುವಾಗ ಮೊದಲ ಸಾಲಿನಲ್ಲೇ, ಅವರ ಒಪ್ಪಿಗೆ ಪಡೆದು, ಅವರ ಹೆಸರು ಬರೆಯಬೇಕು.